ಓದುಗರ ಪ್ರಶ್ನೆ, ನಮ್ಮ ಉತ್ತರ: ಚೀನಾ–ಜಪಾನ್ ಜಗಳ ಶುರುವಾಗಿದ್ದು ಎಲ್ಲಿಂದ?

ಹೋದ ಸಂಚಿಕೆಯಲ್ಲಿ ಅಫೀಮು ಯುದ್ಧದ ಬಗ್ಗೆ ಒಂದು ಲೇಖನ ಹಾಕಿದ್ವಿ. ಅದಕ್ಕೆ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಅಫೀಮನ್ನ ಬಿಟ್ಟು ಜಪಾನ್ ಕಡೆ ಹೊರಳಿವೆ. ಒಂದೇ ಥರದ ಪ್ರಶ್ನೆಗಳನ್ನ ಸೇರಿಸಿ ಇಲ್ಲಿ ಉತ್ತರ ಕೊಟ್ಟಿದೀವಿ. ಹೆಸರು ಹಾಕ್ಬೇಡಿ ಅಂತ ಕೆಲವರು ಕೇಳ್ಕೊಂಡಿದ್ರಿಂದ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಸರ್, ಪಶ್ಚಿಮದವರು ಚೀನಾಗೂ ಹೊಡೆದ್ರು, ಜಪಾನನ್ನೂ ಹೆದರಿಸಿದ್ರು. ಒಬ್ಬರು ಮುಳುಗಿದ್ರು, ಇನ್ನೊಬ್ಬರು ಎದ್ದು ನಿಂತ್ರು. ಜಪಾನಿಯರು ಶಿಸ್ತಿನ ಜನ ಅನ್ನೋದೇ ಇದಕ್ಕೆ ಕಾರಣನಾ?

ಶಿಸ್ತು ಅಂದ್ಬಿಟ್ರೆ ಮಾತು ಅಲ್ಲಿಗೇ ಮುಗಿದುಹೋಗುತ್ತೆ, ಅದಕ್ಕೇ ನನಗೆ ಆ ಉತ್ತರ ಹಿಡಿಸಲ್ಲ. ಯಾರು ಮೊದಲು ಏಟು ತಿಂದ್ರು ಅಂತ ನೋಡಿ. ಅಫೀಮು ಯುದ್ಧದಲ್ಲಿ ಚೀನಾ ಇಂಗ್ಲಿಷರಿಗೆ ಸೋತು, 1842 ರಲ್ಲಿ ನಾನ್‌ಕಿಂಗ್ ಒಪ್ಪಂದಕ್ಕೆ ಸಹಿ ಬಿದ್ದು ಹಾಂಗ್‌ಕಾಂಗ್ ಇಂಗ್ಲಿಷರ ಪಾಲಾಯ್ತು, ಐದು ಬಂದರು ತೆರೀಬೇಕಾಯ್ತು. ಅಮೆರಿಕದ ಕಮೋಡೋರ್ ಪೆರಿ ನಾಲ್ಕು ಹಡಗು ತಗೊಂಡು ಜಪಾನಿನ ಉರಾಗಾ ಹತ್ರ ಬಂದು ನಿಂತಿದ್ದು 1853 ರಲ್ಲಿ. ಮಧ್ಯೆ ಹತ್ತು ವರ್ಷಕ್ಕೂ ಹೆಚ್ಚು ಸಮಯ ಸಿಕ್ತು, ನಾಗಾಸಾಕಿಗೆ ಬರ್ತಿದ್ದ ಡಚ್ಚರ ಹಡಗು, ಚೀನೀ ಹಡಗುಗಳ ಮೂಲಕ ಚೀನಾಗೆ ಏನಾಯ್ತು ಅನ್ನೋ ಸುದ್ದಿ ಅವರಿಗೆ ತಲುಪ್ತಾನೇ ಇತ್ತು. ಸೋಲಿನ ನಂತರ ವೆಯಿ ಯುವಾನ್ ಅನ್ನೋ ಚೀನೀ ವಿದ್ವಾಂಸ ಪಶ್ಚಿಮದವರ ದೇಶ, ಹಡಗು, ತೋಪು ಎಲ್ಲದರ ಬಗ್ಗೆ ದೊಡ್ಡ ಗ್ರಂಥ ಬರೆದ. ಬರೆದಿದ್ದು ಚೀನಾದಲ್ಲಿ, ಮೈಮೇಲೆ ಬಿದ್ದು ಓದಿದ್ದು ಜಪಾನಿನ ಸಮುರಾಯ್‌ಗಳು.

ಇನ್ನೊಂದು ಸಂಗತಿ ಹೇಳ್ತೀನಿ. 1862 ರಲ್ಲಿ ಸೆನ್‌ಝೈಮಾರು ಅನ್ನೋ ಹಡಗಲ್ಲಿ ಜಪಾನಿನ ಒಂದು ತಂಡ ಶಾಂಘೈಗೆ ಹೋಯ್ತು, ಅದ್ರಲ್ಲಿ ಚೋಶೂ ಸಂಸ್ಥಾನದ ತಕಾಸುಗಿ ಶಿನ್ಸಾಕು ಅನ್ನೋ ಇಪ್ಪತ್ತರ ಹರೆಯದ ಸಮುರಾಯ್ ಇದ್ದ. ಕನ್ಫ್ಯೂಷಿಯಸ್ ಮಂದಿರದಲ್ಲೇ ಇಂಗ್ಲಿಷ್ ಸೈನಿಕರು ಬೀಡು ಬಿಟ್ಟಿದ್ದನ್ನ, ಊರಿನವರೇ ವಿದೇಶಿಯರ ಆಳುಗಳ ಥರ ಓಡಾಡ್ತಿದ್ದನ್ನ ಅವನು ನೋಡಿ ತನ್ನ ಡೈರಿಯಲ್ಲಿ ಬರ್ಕೊಂಡ. ವಾಪಸ್ ಬಂದವನು ಮಾಡಿದ ಮೊದಲ ಕೆಲಸಗಳಲ್ಲಿ ಒಂದು ಏನು ಗೊತ್ತಾ, 1863 ರ ಜನವರಿಯಲ್ಲಿ ಎದೋದಲ್ಲಿ (ಈಗಿನ ಟೋಕಿಯೋ) ಕಟ್ತಾ ಇದ್ದ ಬ್ರಿಟಿಷ್ ರಾಯಭಾರ ಕಚೇರಿಗೆ ಗೆಳೆಯರ ಜೊತೆ ಸೇರಿ ಬೆಂಕಿ ಇಟ್ಟಿದ್ದು. ಆ ಗುಂಪಲ್ಲಿ ಇಟೊ ಹಿರೊಬುಮಿ ಕೂಡ ಇದ್ದ. ಅದೇ ಇಟೊ ಅದೇ ವರ್ಷ ಕದ್ದುಮುಚ್ಚಿ ಹಡಗು ಹತ್ತಿ ಲಂಡನ್ನಿಗೆ ಓದೋಕೆ ಹೋದ. ಬೆಂಕಿ ಇಡೋದು, ಪಾಠ ಕಲಿಯೋದು ಎರಡೂ ಒಂದೇ ತಲೆಯಲ್ಲಿ. ಈ ಹೆಸರು ನೆನಪಿಟ್ಕೊಳಿ, ಮುಂದೆ ಸಿಗ್ತಾನೆ.

ಚೀನಾ ಕಡೆ ಆ ಹೊತ್ತಿಗೆ ಏನ್ ನಡೀತಿತ್ತು? 1850 ರಿಂದ 1864 ರ ತನಕ ತೈಪಿಂಗ್ ದಂಗೆ, ಕಮ್ಮಿ ಅಂದ್ರೂ ಎರಡು ಕೋಟಿ ಜನ ಸತ್ರು ಅಂತ ಲೆಕ್ಕ. ಅದರ ಮಧ್ಯೆನೇ ಎರಡನೇ ಅಫೀಮು ಯುದ್ಧ, 1860 ರಲ್ಲಿ ಬೀಜಿಂಗ್ ಪಕ್ಕದ ಹಳೇ ಅರಮನೆ ಸುಟ್ಟು ಬೂದಿ. ಮನೆ ಒಳಗೂ ಬೆಂಕಿ, ಹೊರಗೂ ಬೆಂಕಿ ಅಂದ್ರೆ ಸುಧಾರಣೆಗೆ ಪುರಸೊತ್ತು ಎಲ್ಲಿಂದ ಬರುತ್ತೆ. ಜಪಾನಿನಲ್ಲೂ ಅಂತರ್ಯುದ್ಧ ಆಯ್ತು, ಆದ್ರೆ ಸಣ್ಣದು, 1868–69 ರಲ್ಲಿ ಮುಗಿದೂ ಹೋಯ್ತು. ಜೊತೆಗೆ ಪಶ್ಚಿಮದವರಿಗೆ ಚೀನಾ ಅನ್ನೋದು ದೊಡ್ಡ ಮಾರ್ಕೆಟ್, ರೇಷ್ಮೆ, ಟೀ, ಅಫೀಮು. ಜಪಾನಿನಲ್ಲಿ ದೋಚೋಕೆ ಅಷ್ಟೇನೂ ಕಾಣ್ಲಿಲ್ಲ. ಇದನ್ನ ಅದೃಷ್ಟ ಅನ್ನಿ, ಆದ್ರೆ ಸಿಕ್ಕ ಅವಕಾಶನ ಅವರು ಹಾಳುಮಾಡ್ಕೊಳ್ಳಲಿಲ್ಲ ಅನ್ನೋದನ್ನೂ ಒಪ್ಕೋಬೇಕು.

ಪ್ರಶ್ನೆ: ಅದಕ್ಕೂ ಮುಂಚೆ ಇಬ್ಬರೂ ಚೆನ್ನಾಗೇ ಇದ್ರಾ?

ಯುದ್ಧ ಅಪರೂಪ ಅನ್ನಬಹುದು. 663 ರಲ್ಲಿ ಒಂದ್ಸಲ, ಆಮೇಲೆ ಚೀನಾ ಆಳ್ತಿದ್ದ ಮಂಗೋಲರು 1274 ಮತ್ತು 1281 ರಲ್ಲಿ ಜಪಾನ್ ಮೇಲೆ ಹೋಗಿ ಸೋತು ಬಂದ್ರು, 1592 ರಲ್ಲಿ ಜಪಾನಿನ ದಳಪತಿ ಹಿದೆಯೊಶಿ ಚೀನಾನೇ ಗೆಲ್ತೀನಿ ಅಂತ ಹೊರಟು ಕೊರಿಯಾದಲ್ಲೇ ಸಿಕ್ಕಿಹಾಕ್ಕೊಂಡ. ಅಲ್ಲಿಂದ ಮುಂದೆ ಹತ್ತಿರ ಹತ್ತಿರ 300 ವರ್ಷ ತಣ್ಣಗಿತ್ತು. ಈ ಎಲ್ಲಾ ಕಥೆಯಲ್ಲೂ ಮಧ್ಯದಲ್ಲಿ ಕೊರಿಯಾ ಇದೆ, ಮುಂದಿನ ಪ್ರಶ್ನೆಗೆ ಉತ್ತರ ಅರ್ಧ ಇಲ್ಲೇ ಇದೆ.

ಪ್ರಶ್ನೆ: ಜಗಳ ಚೀನಾ ಜಪಾನ್ ಮಧ್ಯೆ ಅಂತೀರಿ, ಪಠ್ಯಪುಸ್ತಕದಲ್ಲಿ ನೋಡಿದ್ರೆ ಬರೀ ಕೊರಿಯಾ ಕೊರಿಯಾ ಅಂತಿದೆ. ಯಾಕೆ?

ಯಾಕಂದ್ರೆ ಜಗಳ ಇಬ್ಬರದ್ದು, ನೆಲ ಮೂರನೆಯವರದ್ದು. ಕೊರಿಯಾದ ರಾಜ ಚೀನಾದ ಚಕ್ರವರ್ತಿಗೆ ಕಪ್ಪ ಕಳಿಸ್ತಿದ್ದ, ಒಳಗಿನ ಆಡಳಿತ ಅವನದ್ದೇ. ಈ ಹಳೇ ಏರ್ಪಾಡು ಪಶ್ಚಿಮದ ಕಾನೂನಿನ ಯಾವ ಖಾನೆಯಲ್ಲೂ ಕೂರ್ತಿರ್ಲಿಲ್ಲ, ಜಪಾನ್ ಅಲ್ಲೇ ಕೈ ಹಾಕ್ತು. 1875 ರಲ್ಲಿ ಉನ್‌ಯೊ ಅನ್ನೋ ಯುದ್ಧನೌಕೆಯನ್ನ ಗಂಗ್ವಾ ದ್ವೀಪದ ಹತ್ರ ಕಳಿಸಿ, ಕೊರಿಯಾದವರು ಗುಂಡು ಹಾರಿಸೋ ಹಾಗೆ ಮಾಡಿ, ಅದನ್ನೇ ನೆಪ ಮಾಡ್ಕೊಂಡು ಮುಂದಿನ ವರ್ಷ ಒಪ್ಪಂದ ಬರೆಸ್ಕೊಂಡ್ರು. ಬಂದರು ತೆಗೀಬೇಕು, ಜಪಾನಿಯರು ಅಲ್ಲಿ ತಪ್ಪು ಮಾಡಿದ್ರೆ ವಿಚಾರಣೆ ಜಪಾನಿನ ಅಧಿಕಾರಿದೇ. ಪೆರಿ ತಮಗೆ ಮಾಡಿದ್ದನ್ನ 22 ವರ್ಷ ಆಗೋದ್ರೊಳಗೆ ಇವರು ಪಕ್ಕದ ಮನೆಯವರಿಗೆ ಮಾಡಿದ್ರು. ಆ ಒಪ್ಪಂದದ ಮೊದಲ ಕಲಮಿನಲ್ಲೇ ಕೊರಿಯಾ ಸ್ವತಂತ್ರ ದೇಶ ಅಂತ ಬರೆದಿದೆ. ಓದೋಕೆ ಎಷ್ಟು ಚೆಂದ ಅಲ್ವಾ, ಅದರ ಅರ್ಥ ಇಷ್ಟೇ, ಚೀನಾ ನೀನು ಪಕ್ಕಕ್ಕೆ ಸರಿ.

ಅದಕ್ಕೂ ಮುಂಚೆ 1874 ರಲ್ಲಿ, ಆಗ ಚೀನಾದ ಕೈಲಿದ್ದ ತೈವಾನ್ ಮೇಲೆ ದಂಡು ಕಳಿಸಿದ್ರು, ನೆಪ ಏನಂದ್ರೆ ಅಲ್ಲಿ ಜಪಾನಿನ ದಕ್ಷಿಣಕ್ಕಿರೋ ರ್‍ಯೂಕ್ಯೂ ದ್ವೀಪದ 54 ನಾವಿಕರ ಕೊಲೆ ಆಗಿತ್ತು. ಚೀನಾ 5 ಲಕ್ಷ ಟೇಲ್ ಬೆಳ್ಳಿ ಕೊಟ್ಟು ಕಳಿಸ್ತು, ಒಂದು ಟೇಲ್ ಅಂದ್ರೆ ಸುಮಾರು 37 ಗ್ರಾಂ. ಕೊಟ್ಟಿದ್ದೇ ತಪ್ಪಾಯ್ತು, ಹೆದರಿಸಿದ್ರೆ ಇವರು ದುಡ್ಡು ಬಿಚ್ತಾರೆ ಅಂತ ಎಲ್ಲರಿಗೂ ಗೊತ್ತಾಯ್ತು. 1879 ರಲ್ಲಿ ರ್‍ಯೂಕ್ಯೂನೇ ನುಂಗಿ ಓಕಿನಾವಾ ಅಂತ ಜಿಲ್ಲೆ ಮಾಡ್ಕೊಂಡ್ರು.

1884 ರಲ್ಲಿ ಸಿಯೋಲ್‌ನಲ್ಲಿ ಕಿಮ್ ಓಕ್-ಗ್ಯೂನ್ ಅನ್ನೋ ಸುಧಾರಕ ಜಪಾನಿನ ಬೆಂಬಲ ಇಟ್ಕೊಂಡು ದಂಗೆ ಎದ್ದು ಸರ್ಕಾರ ಹಿಡಿದ, ಮೂರೇ ದಿನ. ಯುವಾನ್ ಶಿಕಾಯ್ ಅನ್ನೋ ಚೀನೀ ಅಧಿಕಾರಿ ಪಡೆ ತಗೊಂಡು ಅರಮನೆಗೆ ನುಗ್ಗಿ ಓಡಿಸಿದ. ಮುಂದಿನ ವರ್ಷ ಟಿಯಾಂಜಿನ್‌ನಲ್ಲಿ ಚೀನಾದ ಹಿರಿಯ ರಾಜಕಾರಣಿ ಲಿ ಹಾಂಗ್‌ಜಾಂಗ್, ಜಪಾನಿನ ಇಟೊ ಹಿರೊಬುಮಿ ಕೂತು, ಇಬ್ಬರೂ ಸೈನ್ಯ ವಾಪಸ್ ಕರೆಸ್ಕೊಳ್ಳೋಣ, ಮತ್ತೆ ಕಳಿಸೋದಾದ್ರೆ ಒಬ್ಬರಿಗೊಬ್ಬರು ಮೊದಲೇ ತಿಳಿಸೋಣ ಅಂತ ಬರ್ಕೊಂಡ್ರು. 1894 ರಲ್ಲಿ ಕೊರಿಯಾದ ರೈತರು ದೊಂಗ್‌ಹಾಕ್ ದಂಗೆ ಎದ್ದಾಗ ರಾಜ ಚೀನಾದ ಸಹಾಯ ಕೇಳಿದ, ಚೀನಾ ಸೈನ್ಯ ಕಳಿಸಿ ನಿಯಮದ ಪ್ರಕಾರ ಜಪಾನಿಗೆ ತಿಳಿಸ್ತು, ಜಪಾನ್ ಅದಕ್ಕಿಂತ ದೊಡ್ಡ ಪಡೆ ತಂದು ಇಳಿಸ್ತು. ದಂಗೆ ತಣ್ಣಗಾದ್ಮೇಲೂ ಹೋಗ್ಲಿಲ್ಲ, ಜುಲೈ 23 ಕ್ಕೆ ಸಿಯೋಲ್‌ನ ಅರಮನೆನೇ ಹಿಡಿದು ರಾಜನ ಕೈಯಲ್ಲಿ ಚೀನೀಯರನ್ನ ಹೊರಗೆ ಹಾಕಿ ಅಂತ ಹೇಳಿಸಿದ್ರು. ಸಮುದ್ರದಲ್ಲಿ ಗುಂಡಿನ ಕಾಳಗ ಎರಡು ದಿನಕ್ಕೆ ಶುರು, ಯುದ್ಧ ಘೋಷಣೆ ಆಗಸ್ಟ್ 1 ಕ್ಕೆ.

ಪ್ರಶ್ನೆ: ಆಗ ಚೀನಾದ ಹಡಗುಗಳೇ ದೊಡ್ಡವು ಅಂತ ಓದಿದೀನಿ. ಮತ್ತೆ ಸೋತಿದ್ದು ಹೇಗೆ?

ಒಳ್ಳೆ ಪ್ರಶ್ನೆ, ಇದಕ್ಕೆ ಸ್ವಲ್ಪ ಜಾಸ್ತಿನೇ ಬರೀತೀನಿ, ಬೇಜಾರ್ ಮಾಡ್ಕೋಬೇಡಿ.

ಉತ್ತರ ಚೀನಾದ ಬೆಯಾಂಗ್ ನೌಕಾಪಡೆ ಲಿ ಹಾಂಗ್‌ಜಾಂಗ್ ಕಟ್ಟಿದ್ದು. ಅದರ ಡಿಂಗ್‌ಯುವಾನ್, ಝೆನ್‌ಯುವಾನ್ ಅನ್ನೋ ಎರಡು ಉಕ್ಕಿನ ಕವಚದ ಹಡಗು ಜರ್ಮನಿಯ ಸ್ಟೆಟಿನ್‌ನಲ್ಲಿ ಆಗಿದ್ದು, 7 ಸಾವಿರ ಟನ್ನಿಗಿಂತ ಹೆಚ್ಚು, ಒಂದೊಂದರಲ್ಲೂ 12 ಇಂಚಿನ ನಾಲ್ಕು ತೋಪು. ಜಪಾನಿನ ಹತ್ರ ಅಂಥದ್ದು ಒಂದೂ ಇರ್ಲಿಲ್ಲ. 1886 ರಲ್ಲಿ ಇವು ನಾಗಾಸಾಕಿಗೆ ಹೋಗಿ ನಿಂತಾಗ ಕುಡಿದ ಚೀನೀ ನಾವಿಕರಿಗೂ ಊರಿನ ಪೊಲೀಸರಿಗೂ ಹೊಡೆದಾಟ ಆಗಿ ಎರಡೂ ಕಡೆ ಹೆಣ ಬಿತ್ತು. ಆ ಹಡಗುಗಳ ಭಯ, ಆ ಅವಮಾನ ಎರಡೂ ಜಪಾನಿನ ತಲೇಲಿ ಕೂತ್ಕೊಂಡ್ತು. 1893 ರಲ್ಲಿ ನೌಕಾಪಡೆಗೆ ದುಡ್ಡು ಸಾಲದಾದಾಗ ಚಕ್ರವರ್ತಿ ಮೇಯ್ಜಿ ಅರಮನೆಯ ಖರ್ಚಿನಿಂದ ವರ್ಷಕ್ಕೆ 3 ಲಕ್ಷ ಯೆನ್ ಹಾಗೆ ಆರು ವರ್ಷ ಕೊಡ್ತೀನಿ ಅಂದ, ಅಧಿಕಾರಿಗಳ ಸಂಬಳದಲ್ಲೂ ಹತ್ತನೇ ಒಂದು ಭಾಗ ಕಟ್. ಇಂಗ್ಲೆಂಡಿನ ಆರ್ಮ್‌ಸ್ಟ್ರಾಂಗ್ ಕಾರ್ಖಾನೆಯಿಂದ ಯೊಶಿನೊ ಬಂತು, ಹಗುರ, ಆದ್ರೆ 23 ನಾಟ್ ವೇಗ, ಬೇಗ ಬೇಗ ಗುಂಡು ಹಾರಿಸೋ ಹೊಸ ತೋಪುಗಳು. ಚೀನಾದಲ್ಲಿ 1891 ರಲ್ಲೇ ಖಜಾನೆ ಇಲಾಖೆ ವಿದೇಶದಿಂದ ಹಡಗು, ತೋಪು ಕೊಳ್ಳೋದನ್ನ ಎರಡು ವರ್ಷ ನಿಲ್ಲಿಸಿ ಅಂತ ಆದೇಶ ಹೊರಡಿಸಿತ್ತು.

1894 ರ ಸೆಪ್ಟೆಂಬರ್ 17, ಯಾಲು ನದೀಮುಖದ ಹತ್ರ ಎರಡೂ ಎದುರುಬದುರಾದ್ವು. ಶುರುವಲ್ಲೇ ಚೀನಾದ ಅಡ್ಮಿರಲ್ ಡಿಂಗ್ ರುಚಾಂಗ್ ತನ್ನ ಹಡಗಿನಲ್ಲಿ ಆದೇಶ ಕೊಡೋ ಅಟ್ಟದ ಮೇಲೆ ಗಾಯಗೊಂಡು ಬಿದ್ದ, ಆಮೇಲೆ ಆದೇಶ ಕೊಡೋ ವ್ಯವಸ್ಥೆನೇ ತಪ್ಪಿಹೋಯ್ತು. ಸಂಜೆ ಹೊತ್ತಿಗೆ ಚೀನಾದ ಐದು ಹಡಗು ಹೋದ್ವು, ಜಪಾನಿನದ್ದು ಒಂದೂ ಮುಳುಗ್ಲಿಲ್ಲ. ಆದ್ರೆ ಆ ಎರಡು ಜರ್ಮನ್ ಹಡಗು ನೂರಾರು ಏಟು ತಿಂದೂ ತೇಲ್ತಾನೇ ವಾಪಸ್ ಬಂದ್ವು, ಅಂದ್ರೆ ಉಕ್ಕಿನಲ್ಲಿ ದೋಷ ಇರ್ಲಿಲ್ಲ, ಆಡಳಿತದಲ್ಲಿತ್ತು.

ನನ್ನ ಪ್ರಕಾರ ಅಸಲಿ ಕಾರಣ ತಿಳ್ಕೋಬೇಕು ಅಂದ್ರೆ 1895 ರ ಫೆಬ್ರವರಿಯಲ್ಲಿ ವೆಯ್‌ಹಾಯ್‌ವೆಯ್ ಬಂದರಿನ ಶರಣಾಗತಿ ನೋಡ್ಬೇಕು. ಉಳಿದ ಹಡಗುಗಳೆಲ್ಲ ಅಲ್ಲೇ ಸಿಕ್ಕಿಬಿದ್ದಿದ್ವು. ಅದ್ರಲ್ಲಿ ಗ್ವಾಂಗ್‌ಬಿಂಗ್ ಅಂತ ಒಂದು, ಅದು ದಕ್ಷಿಣದ ಗುವಾಂಗ್‌ಡಾಂಗ್ ಪ್ರಾಂತ್ಯದ್ದು, ಯುದ್ಧದ ಹೊತ್ತಿಗೆ ಉತ್ತರದಲ್ಲಿತ್ತು ಅಷ್ಟೇ. ಶರಣಾದ ಮೇಲೆ ಚೀನಾ ಕಡೆ ಅಧಿಕಾರಿ ಜಪಾನಿಯರಿಗೆ ಪತ್ರ ಬರೀತಾನೆ, ಈ ಹಡಗು ಗುವಾಂಗ್‌ಡಾಂಗ್‌ದು, ಗುವಾಂಗ್‌ಡಾಂಗಿಗೂ ಈ ಯುದ್ಧಕ್ಕೂ ಸಂಬಂಧ ಇಲ್ಲ, ದಯವಿಟ್ಟು ವಾಪಸ್ ಕೊಡಿ ಅಂತ! ಜಪಾನಿಯರು ನಗದೆ ಏನ್ ಮಾಡ್ತಾರೆ. ಆದ್ರೆ ಅವನು ಹೇಳಿದ್ದು ಸುಳ್ಳಲ್ಲ, ದಕ್ಷಿಣದ ನಾನ್‌ಯಾಂಗ್ ನೌಕಾಪಡೆ ಸಹಾಯಕ್ಕೆ ಬರಲೇ ಇಲ್ಲ. ಜಪಾನ್ ಅನ್ನೋ ದೇಶದ ಜೊತೆ ಹೋರಾಡಿದ್ದು ಚೀನಾ ಅನ್ನೋ ದೇಶ ಅಲ್ಲ, ಲಿ ಹಾಂಗ್‌ಜಾಂಗ್ ಅನ್ನೋ ಒಬ್ಬ ಮನುಷ್ಯ.

ಡಿಂಗ್ ರುಚಾಂಗ್‌ಗೆ ಎದುರಾಳಿ ಅಡ್ಮಿರಲ್ ಇಟೊ ಸುಕೆಯುಕಿ (ಆ ಇಟೊ ಬೇರೆ, ಈ ಇಟೊ ಬೇರೆ) ಹಳೇ ಪರಿಚಯದ ಸಲುಗೆಯಿಂದ ಪತ್ರ ಬರೆದಿದ್ದ. ಶರಣಾಗಿ, ಜಪಾನಿಗೆ ಬನ್ನಿ, ನಿಮ್ಮ ದೇಶ ಸೋಲ್ತಿರೋದು ನಿಮ್ಮಿಂದಲ್ಲ, ಹಳೇ ಪದ್ಧತಿಯಿಂದ ಅಂತ. ಡಿಂಗ್ ಒಪ್ಪಲಿಲ್ಲ, ಫೆಬ್ರವರಿ 12 ರ ಸುಮಾರಿಗೆ ಅಫೀಮು ನುಂಗಿ ಸತ್ತ. ಹೆಣ ಸಾಗಿಸೋಕೆ ಅಂತ ಒಂದು ಹಡಗನ್ನ ತೋಪು ಬಿಚ್ಚಿಸಿ ಜಪಾನಿಯರು ಬಿಟ್ಟುಕೊಟ್ರು. ಅದಕ್ಕೆ ಮೂರು ತಿಂಗಳ ಹಿಂದೆ ಚೀನಾದ ಪೋರ್ಟ್ ಆರ್ಥರ್ ಬಂದರಿನಲ್ಲಿ ಊರಿನ ನಿರಾಯುಧ ಜನರನ್ನ ಕೊಚ್ಚಿ ಹಾಕಿದ್ದೂ ಇದೇ ಜಪಾನಿನ ಸೈನ್ಯ, ಅದನ್ನ ಮರೆತು ಬರೀ ಈ ಸೌಜನ್ಯದ ಕಥೆ ಹೇಳೋದು ಸರಿಯಲ್ಲ.

ಪ್ರಶ್ನೆ: ರಾಣಿ ಸಿಶಿ ನೌಕಾಪಡೆ ದುಡ್ಡಲ್ಲಿ ಅಮೃತಶಿಲೆ ದೋಣಿ ಕಟ್ಟಿಸಿದ್ಲು ಅನ್ನೋದು ನಿಜನಾ?

ಅರ್ಧ ನಿಜ. ಬೇಸಿಗೆ ಅರಮನೆ ರಿಪೇರಿಗೆ ನೌಕಾ ಇಲಾಖೆ ದುಡ್ಡು ಹೋಗಿದ್ದು ಹೌದು. ದೋಣಿಯ ಕಲ್ಲಿನ ತಳ ಮಾತ್ರ 1755 ರದ್ದು, ಚಕ್ರವರ್ತಿ ಚಿಯಾನ್‌ಲಾಂಗ್ ಕಾಲದ್ದು. ಮೇಲಿನ ಮಂಟಪ 1860 ರಲ್ಲಿ ಇಂಗ್ಲಿಷ್ ಫ್ರೆಂಚ್ ಸೈನಿಕರು ಸುಟ್ಟಿದ್ದನ್ನ ಅವಳು 1893 ರಲ್ಲಿ ಮತ್ತೆ ಕಟ್ಟಿಸಿದ್ಲು, ಅದೂ ಮರದ್ದು, ಅಮೃತಶಿಲೆ ಥರ ಕಾಣೋ ಹಾಗೆ ಬಣ್ಣ ಬಳಿದಿದ್ದು.

ಪ್ರಶ್ನೆ: ಸಂಧಾನಕ್ಕೆ ಹೋದ ಲಿ ಹಾಂಗ್‌ಜಾಂಗ್‌ಗೆ ಗುಂಡು ಹೊಡೆದ್ರಂತೆ?

ಹೌದು. ಜಪಾನಿನ ಶಿಮೊನೊಸೆಕಿ ಊರಲ್ಲಿ ಸಂಧಾನದ ಮಾತುಕತೆ ಮುಗಿಸಿ ಪಲ್ಲಕ್ಕಿಯಲ್ಲಿ ಬಿಡಾರಕ್ಕೆ ವಾಪಸ್ ಹೋಗ್ತಿದ್ದಾಗ, 1895 ರ ಮಾರ್ಚ್ 24, ಒಬ್ಬ ಜಪಾನಿ ಯುವಕ ನುಗ್ಗಿ ಪಿಸ್ತೂಲಿನಿಂದ ಮುಖಕ್ಕೆ ಹೊಡೆದ, ಗುಂಡು ಎಡಗಣ್ಣಿನ ಕೆಳಗೆ ಹೊಕ್ತು. 72 ವರ್ಷದ ಮುದುಕ, ಬದುಕಿದ. ಜಪಾನಿಗೆ ಮಾನ ಹೋದ ಹಾಗಾಯ್ತು, ಅದಕ್ಕಿಂತ ಹೆಚ್ಚಾಗಿ ಇದನ್ನೇ ಹಿಡ್ಕೊಂಡು ಯುರೋಪಿನವರು ಮಧ್ಯೆ ಬಂದ್ರೆ ಅನ್ನೋ ಭಯ. ಚಕ್ರವರ್ತಿ ತನ್ನ ವೈದ್ಯರನ್ನ ಕಳಿಸಿದ, ಅಲ್ಲಿವರೆಗೆ ಆಗಲ್ಲ ಅಂತಿದ್ದ ಕದನವಿರಾಮವನ್ನ ಷರತ್ತಿಲ್ಲದೆ ಒಪ್ಕೊಂಡ್ರು. 30 ಕೋಟಿ ಟೇಲ್ ಕೇಳ್ತಿದ್ದವರು ಕೊನೆಗೆ 20 ಕೋಟಿಗೆ ಇಳಿದ್ರು.

ಇಳಿದ್ರು ಅಂದ್ರೂ ಅದೇನು ಸಣ್ಣ ಮೊತ್ತ ಅಲ್ಲ, ಜಪಾನಿನ ಒಂದು ವರ್ಷದ ಬಜೆಟ್ಟಿನ ಹತ್ತಿರ ಹತ್ತಿರ ನಾಲ್ಕು ಪಟ್ಟು. ಜೊತೆಗೆ ತೈವಾನ್, ಪೆಂಗ್‌ಹು ದ್ವೀಪಗಳು, ಲಿಯಾಓಡಾಂಗ್ ಪರ್ಯಾಯ ದ್ವೀಪ. ಆ ದುಡ್ಡಿನ ಬಲದ ಮೇಲೆ ಜಪಾನ್ 1897 ರಲ್ಲಿ ದುಡ್ಡಿನ ಬೆಲೆಯನ್ನ ಚಿನ್ನಕ್ಕೆ ಕಟ್ಟೋ ಪದ್ಧತಿಗೆ ಹೋಯ್ತು, ಯವಾಟಾ ಉಕ್ಕಿನ ಕಾರ್ಖಾನೆಗೂ ಅದರಿಂದ ಹೋಯ್ತು, ಹೆಚ್ಚಿನ ಪಾಲು ಹೊಸ ಹಡಗು, ಸೈನ್ಯಕ್ಕೆ. ಚೀನಾ ಎಲ್ಲಿಂದ ಕೊಡ್ತು? ರಷ್ಯಾ, ಫ್ರಾನ್ಸ್, ಇಂಗ್ಲೆಂಡ್, ಜರ್ಮನಿ ಬ್ಯಾಂಕುಗಳಿಂದ ಸಾಲ, ಅಡಮಾನಕ್ಕೆ ಬಂದರಿನ ಸುಂಕ. ಗೆದ್ದವರು ಒಬ್ಬರು, ಬಡ್ಡಿ ತಿಂದವರು ಇನ್ನೊಬ್ಬರು.

ಆ ಮೇಜಿನ ಎದುರು ಕೂತಿದ್ದವನು ಮತ್ತೆ ಇಟೊ ಹಿರೊಬುಮಿನೇ. ಹತ್ತು ವರ್ಷದ ಹಿಂದೆ ಟಿಯಾಂಜಿನ್‌ನಲ್ಲಿ ಸುಧಾರಣೆ ಬಗ್ಗೆ ಮಾತಾಡಿದ್ವಲ್ಲ, ಇಲ್ಲಿವರೆಗೂ ಯಾಕೆ ಒಂದೂ ಬದಲಾಗ್ಲಿಲ್ಲ ಅಂತ ಕೇಳಿದ. ನಮ್ಮ ದೇಶ ಹಳೇ ಸಂಪ್ರದಾಯಕ್ಕೆ ಕಟ್ಟುಬಿದ್ದಿದೆ, ನಾನು ಅಂದ್ಕೊಂಡಿದ್ದನ್ನ ಮಾಡೋಕಾಗ್ಲಿಲ್ಲ ಅನ್ನೋ ಅರ್ಥದಲ್ಲಿ ಲಿ ಉತ್ತರ ಕೊಟ್ಟ.

ಪ್ರಶ್ನೆ: ಪಶ್ಚಿಮದವರು ಯಾರ ಕಡೆ ಇದ್ರು?

ತಮ್ಮ ಕಡೆ. ಕೌಶಿಂಗ್ ಹಡಗಿನ ಪ್ರಸಂಗ ನೋಡಿ. ಬ್ರಿಟಿಷ್ ಬಾವುಟದ ಬಾಡಿಗೆ ಹಡಗು, ಒಳಗೆ ಸಾವಿರಕ್ಕೂ ಹೆಚ್ಚು ಚೀನೀ ಸೈನಿಕರು, 1894 ರ ಜುಲೈ 25 ಕ್ಕೆ ಅದನ್ನ ಮುಳುಗಿಸಿದ್ದು ಜಪಾನಿನ ನಾನಿವಾ ಹಡಗಿನ ಕ್ಯಾಪ್ಟನ್ ಟೋಗೊ, ಅವನು ಇಂಗ್ಲೆಂಡಿನಲ್ಲೇ ನೌಕಾ ತರಬೇತಿ ಪಡೆದವನು. ಲಂಡನ್ನಿನಲ್ಲಿ ಗಲಾಟೆ ಎದ್ದಿತು, ಆಮೇಲೆ ಅಲ್ಲಿನ ಕಾನೂನು ಪಂಡಿತರೇ ನಿಯಮದ ಪ್ರಕಾರ ಅವನು ಮಾಡಿದ್ದು ಸರಿ ಅಂದ್ರು. ಯುದ್ಧಕ್ಕೆ ಕೆಲವೇ ದಿನ ಮುಂಚೆ, ಜುಲೈ 16 ಕ್ಕೆ, ಜಪಾನಿನಲ್ಲಿ ಬ್ರಿಟಿಷರಿಗಿದ್ದ ಪ್ರತ್ಯೇಕ ನ್ಯಾಯಾಲಯದ ಹಕ್ಕು ಬಿಡೋ ಒಪ್ಪಂದಕ್ಕೆ ಇಂಗ್ಲೆಂಡ್ ಸಹಿ ಹಾಕಿತ್ತು, 1899 ಕ್ಕೆ ಜಾರಿಗೆ ಬಂತು. ಚೀನಾಗೆ ಅದೇ ಬಿಡುಗಡೆ ಇಂಗ್ಲೆಂಡ್, ಅಮೆರಿಕದಿಂದ ಸಿಕ್ಕಿದ್ದು 1943 ರಲ್ಲಿ.

ಜಪಾನಿಗೂ ಏಟು ಬಿತ್ತು. ಶಿಮೊನೊಸೆಕಿ ಸಹಿ ಒಣಗೋ ಮುಂಚೆ, ಆರೇ ದಿನಕ್ಕೆ, ರಷ್ಯಾ, ಜರ್ಮನಿ, ಫ್ರಾನ್ಸ್ ಸೇರಿ ಲಿಯಾಓಡಾಂಗ್ ವಾಪಸ್ ಕೊಡಿ ಅಂದ್ವು. ಕೊಡ್ತು, ಬದಲಿಗೆ ಇನ್ನೂ 3 ಕೋಟಿ ಟೇಲ್ ತಗೊಂಡು. ಮೂರು ವರ್ಷ ಆಗೋದ್ರೊಳಗೆ ರಷ್ಯಾ ತಾನೇ ಅಲ್ಲಿನ ಪೋರ್ಟ್ ಆರ್ಥರನ್ನ ಗುತ್ತಿಗೆಗೆ ಬರೆಸ್ಕೊಂಡ್ತು. ಜಪಾನಿಯರಿಗೆ ಹೊಟ್ಟೆ ಉರಿಯದೆ ಇರುತ್ತಾ. 1902 ರಲ್ಲಿ ಇಂಗ್ಲೆಂಡ್ ಜೊತೆ ಮೈತ್ರಿ, 1904 ರಲ್ಲಿ ರಷ್ಯಾ ಮೇಲೆ ಯುದ್ಧ, ಆ ಯುದ್ಧದ ನೆಲಕಾಳಗ ನಡೆದಿದ್ದು ಬಹುಪಾಲು ಚೀನಾದ ಮಂಚೂರಿಯಾದಲ್ಲಿ. ಚೀನಾ ತಟಸ್ಥ ಅಂತ ಘೋಷಿಸಿ, ಕಾದಾಡೋಕೆ ತನ್ನದೇ ನೆಲದಲ್ಲಿ ಜಾಗ ಗುರುತು ಮಾಡಿ ಕೊಡ್ತು.

ಪ್ರಶ್ನೆ: ಇಷ್ಟೆಲ್ಲ ಆದ್ಮೇಲೂ ಚೀನೀ ಹುಡುಗರು ಓದೋಕೆ ಜಪಾನಿಗೇ ಯಾಕೆ ಹೋದ್ರು?

ಹತ್ತಿರ, ಖರ್ಚು ಕಮ್ಮಿ, ಲಿಪಿ ಅರ್ಧ ಪರಿಚಿತ, ಜೊತೆಗೆ ಹೊಡೆದವನ ಹತ್ರನೇ ಹೊಡೆಯೋದು ಕಲೀಬೇಕು ಅನ್ನೋ ಹಠ. 1896 ರಲ್ಲಿ 13 ಜನ ಹೋಗಿದ್ರು, ಹತ್ತು ವರ್ಷದಲ್ಲಿ 8 ಸಾವಿರ ದಾಟಿತು. 1905 ರಲ್ಲಿ ಕ್ರಾಂತಿಕಾರಿ ಸುನ್ ಯಾತ್-ಸೆನ್, ಚೀನಾ ಆಳ್ತಿದ್ದ ಮಂಚು ದೊರೆಗಳನ್ನ ಕಿತ್ತೊಗೆಯೋ ಸಂಘಟನೆ ಕಟ್ಟಿದ್ದು ಟೋಕಿಯೋದಲ್ಲಿ. ಮುಂದೆ ಚೀನಾದ ನಾಯಕನಾದ ಚಿಯಾಂಗ್ ಕಾಯ್-ಶೆಕ್ ಸೈನಿಕ ಪಾಠ ಕಲಿತಿದ್ದೂ ಜಪಾನಿನಲ್ಲೇ. ಮುಂದೆ ದೊಡ್ಡ ಸಾಹಿತಿಯಾದ ಲು ಶುನ್ ಸೆಂಡಾಯ್ ಊರಲ್ಲಿ ಡಾಕ್ಟರಿಕೆ ಓದ್ತಿದ್ದ, ತರಗತಿಯಲ್ಲಿ ರಷ್ಯಾ ಯುದ್ಧದ ಸ್ಲೈಡ್ ತೋರಿಸಿದಾಗ ಒಬ್ಬ ಚೀನೀಯನನ್ನ ರಷ್ಯಾದ ಗೂಢಚಾರ ಅಂತ ಜಪಾನಿಯರು ತಲೆ ಕಡಿಯೋದು, ಸುತ್ತ ಚೀನೀಯರೇ ನಿಂತು ನೋಡ್ತಿರೋದು ಕಂಡು ಡಾಕ್ಟರಿಕೆ ಬಿಟ್ಟು ಬರವಣಿಗೆಗೆ ಬಂದೆ ಅಂತ ಅವನೇ ಬರ್ಕೊಂಡಿದಾನೆ.

ಪ್ರಶ್ನೆ: ಬಿಳಿಯರ ವಿರುದ್ಧ ಏಷ್ಯಾದವರೆಲ್ಲ ಒಂದು ಅಂತ ಜಪಾನ್ ಹೇಳ್ತಿತ್ತಲ್ಲ, ಅದು ಬರೀ ನಾಟಕನಾ?

ಹೇಳಿದವರಲ್ಲಿ ಪ್ರಾಮಾಣಿಕರೂ ಇದ್ರು, ಸುನ್ ಯಾತ್-ಸೆನ್‌ಗೆ ಊಟ, ವಸತಿ, ಹಣ ಕೊಟ್ಟ ಮಿಯಾಝಾಕಿ ತೋತೆನ್ ಥರದವರು. ಸರ್ಕಾರದ ಕಥೆ ಬೇರೆ. 1915 ರ ಜನವರಿ 18, ಯುರೋಪೆಲ್ಲ ಮಹಾಯುದ್ಧದಲ್ಲಿ ಮುಳುಗಿದ್ದಾಗ, ಜಪಾನ್ 21 ಬೇಡಿಕೆ ತಂದು ಚೀನಾದ ಅಧ್ಯಕ್ಷರ ಕೈಗಿಟ್ಟಿತು. ಅಧ್ಯಕ್ಷ ಯಾರು ಅಂತೀರಾ, 1884 ರಲ್ಲಿ ಸಿಯೋಲ್‌ನಲ್ಲಿ ಜಪಾನಿಯರನ್ನ ಓಡಿಸಿದ್ದ ಅದೇ ಯುವಾನ್ ಶಿಕಾಯ್. ಮೇ 9 ಕ್ಕೆ ಬಹುಪಾಲು ಒಪ್ಕೋಬೇಕಾಯ್ತು.

ಇನ್ನು 1919 ರಲ್ಲಿ, ಮಹಾಯುದ್ಧ ಮುಗಿದ ಮೇಲೆ ನಡೆದ ಪ್ಯಾರಿಸ್ ಶಾಂತಿ ಸಮ್ಮೇಳನ. ಎಲ್ಲಾ ಜನಾಂಗದವರೂ ಸಮಾನರು ಅಂತ ಬರೀಬೇಕು ಅಂತ ಜಪಾನ್ ಪ್ರಸ್ತಾಪ ಇಟ್ಟಿತು, 17 ರಲ್ಲಿ 11 ಮತ ಬಿತ್ತು, ಆ 11 ರಲ್ಲಿ ಚೀನಾದ್ದೂ ಒಂದು. ಸಭೆ ನಡೆಸ್ತಿದ್ದ ಅಮೆರಿಕದ ಅಧ್ಯಕ್ಷ ವಿಲ್ಸನ್ ಸರ್ವಾನುಮತ ಇಲ್ಲ ಅಂತ ತಳ್ಳಿಹಾಕಿದ. ಅದಾಗಿ ಮೂರು ವಾರ ಕಳೀಲಿಲ್ಲ, ಜರ್ಮನಿ ಚೀನಾದ ಶಾಂಡಾಂಗ್‌ನಲ್ಲಿ ಹಿಡ್ಕೊಂಡಿದ್ದ ಹಕ್ಕುಗಳನ್ನೆಲ್ಲ ಜಪಾನ್ ಕೇಳಿ ತಗೊಂಡ್ತು. ಬೀಜಿಂಗ್‌ನ ವಿದ್ಯಾರ್ಥಿಗಳು ಮೇ 4 ಕ್ಕೆ ಬೀದಿಗಿಳಿದು ಚಾವ್ ರುಲಿನ್ ಅನ್ನೋ ಮಂತ್ರಿ ಮನೆಗೆ ಬೆಂಕಿ ಹಚ್ಚಿದ್ರು, ಅವನೂ ಜಪಾನಿನಲ್ಲಿ ಓದಿ ಬಂದವನೇ.

ಪ್ರಶ್ನೆ: ಈಗ ಸುದ್ದಿಯಲ್ಲಿ ಬರೋ ಸೆಂಕಾಕು ದ್ವೀಪದ ಜಗಳಕ್ಕೂ ಇದಕ್ಕೂ ಏನಾದ್ರೂ ಸಂಬಂಧ ಇದೆಯಾ?

ನೇರವಾಗೇ ಇದೆ. ತೈವಾನ್ ಹತ್ರ ಇರೋ, ಜಪಾನಿನ ಹಿಡಿತದಲ್ಲಿರೋ ದ್ವೀಪಗಳ ಗುಂಪು ಅದು, ಚೀನೀಯರು ಅದನ್ನ ದಿಯಾವ್‌ಯು ಅಂತಾರೆ. ಜಪಾನಿನ ಮಂತ್ರಿಮಂಡಲ ಅದನ್ನ ಸೇರಿಸ್ಕೊಳ್ಳೋ ತೀರ್ಮಾನ ತಗೊಂಡಿದ್ದು 1895 ರ ಜನವರಿ 14 ಕ್ಕೆ, ಯುದ್ಧ ನಡೀತಿರೋವಾಗಲೇ, ಹೊರಗೆ ಪ್ರಕಟಣೆಯೂ ಇಲ್ಲ. ಅದು ಯಾರಿಗೂ ಸೇರದ ಖಾಲಿ ಜಾಗ, ಶಿಮೊನೊಸೆಕಿಗೂ ಅದಕ್ಕೂ ಸಂಬಂಧ ಇಲ್ಲ ಅನ್ನೋದು ಜಪಾನಿನ ವಾದ. ಅದು ತೈವಾನಿನ ಭಾಗ, ಆ ಯುದ್ಧದಲ್ಲೇ ಕಿತ್ಕೊಂಡಿದ್ದು ಅನ್ನೋದು ಚೀನಾದ ವಾದ. ಒಪ್ಪಂದದ ಪತ್ರದಲ್ಲಿ ಆ ದ್ವೀಪಗಳ ಹೆಸರೇ ಇಲ್ಲ, ಹಾಗಾಗಿ ಇಬ್ಬರೂ ಅದೇ ಕಾಗದ ತೋರಿಸ್ತಾರೆ. ತೀರ್ಮಾನ ಆದ ವಾರದಲ್ಲೇ ಜಪಾನಿನ ಸೈನ್ಯ ವೆಯ್‌ಹಾಯ್‌ವೆಯ್ ಹತ್ರ ದಡಕ್ಕೆ ಇಳೀತಿತ್ತು, ಬೀಜಿಂಗ್‌ನವರಿಗೆ ಗೊತ್ತಾಗಿದ್ರೂ ನಾಲ್ಕು ಬಂಡೆಗಳ ಬಗ್ಗೆ ಕೇಳೋ ಸ್ಥಿತಿಯಲ್ಲಿ ಇರ್ಲಿಲ್ಲ.